ಇಲಿ ಕಡಿದ ವೈರ್: ಜೋಡಿಸುವುದು ಹೇಗೆ?

ಪ್ರಶ್ನೆ: ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದ ಕಾರಿನ ಬಾನೆಟ್ಟಿನೊಳಗೆ ಇಲಿ ನುಗ್ಗಿ ಆರು ವೈರ್ ಕಡಿದಿದೆ. ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕು ಎಂದು ಒಬ್ಬರು, ಸೋಲ್ಡರ್ ಮಾಡಿದರೆ ಸಾಕು ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಕಡಿದಿರುವುದು ಸಾಧಾರಣ ವೈರುಗಳಾದರೆ (ಯಾವುದು ಸಾಧಾರಣವಲ್ಲ ಎಂಬುದು ಕೊನೆಯ ಉತ್ತರದಲ್ಲಿದೆ) ಹಾರ್ನೆಸ್ ಬದಲಿಸಬೇಕಿಲ್ಲ. ಆದರೆ ಎಂಜಿನ್ ಬಳಿ ಬರೀ ಸೋಲ್ಡರನ್ನು ನಂಬಬೇಡಿ. ಕರಗಿದ ಸೋಲ್ಡರ್ ಎಳೆಗಳ ನಡುವೆ ಹೀರಿಕೊಂಡು ಸಿಪ್ಪೆಯ ಒಳಕ್ಕೂ ಹೋಗುತ್ತದೆ. ಅಷ್ಟು ಭಾಗ ಕಡ್ಡಿಯಂತೆ ಗಡುಸಾಗುತ್ತದೆ, ಮುಂದಿನದು ಮೆತ್ತಗೇ ಇರುತ್ತದೆ. ಎಂಜಿನ್ ನಡುಗಿದಾಗಲೆಲ್ಲ ವೈರ್ ಬಾಗುವುದು ಆ ಗಡಿಯಲ್ಲೇ. ಹಾಗಾಗಿ ಜೋಡಣೆ ಗಟ್ಟಿಯಾಗಿಯೇ ಇದ್ದು, ಅದರ ಪಕ್ಕದಲ್ಲಿ ಸಿಪ್ಪೆಯೊಳಗೆ ತಾಮ್ರ ತುಂಡಾಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ.

ಕ್ರಿಂಪಿಂಗ್, ಅಂದರೆ ಲೋಹದ ಕೊಳವೆಯೊಳಗೆ ವೈರಿನ ತುದಿಯಿಟ್ಟು ಗಟ್ಟಿಯಾಗಿ ಒತ್ತುವುದು, ವಾಸಿ. ಮೊದಲು ಬ್ಯಾಟರಿಯ ಮೈನಸ್ ಕಳಚಿ. ಕಡಿದ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಮಳೆನೀರು ತಾಗಿ ಹಸಿರು ಅಥವಾ ಕಪ್ಪು ಹಿಡಿದಿದ್ದರೆ ಸಿಪ್ಪೆಯೊಳಗೆ ಅದು ಸಾಕಷ್ಟು ದೂರ ಹರಡಿರುತ್ತದೆ, ಇನ್ನೂ ಹಿಂದಕ್ಕೆ ಹೋಗಬೇಕು. ವೈರ್ ಗಿಡ್ಡವಾಯಿತೆಂದು ಎಳೆದು ಕೂಡಿಸಬೇಡಿ. ಅದೇ ದಪ್ಪದ ತುಂಡು ಸೇರಿಸಿ ಎರಡು ಕಡೆ ಜೋಡಿಸಿ. ಮನೆಯಲ್ಲಿ ಉಳಿದ ವೈರಿನ ತುಂಡು ಇಲ್ಲಿ ಬೇಡ. ಸಾಧಾರಣ ಮನೆ ವೈರಿನ ಪಿವಿಸಿ 70 ಡಿಗ್ರಿಯವರೆಗೆ ಮಾತ್ರ. ಅಂಗಡಿಯಲ್ಲಿ 105 ಡಿಗ್ರಿ ತಡೆಯುವ ಆಟೋ ವೈರ್ ಎಂದೇ ಕೇಳಿ.

ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವನ್ನು (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ವೈರಿಗೆ ಮೊದಲೇ ತೂರಿಸಿಡಿ. ಮರೆತರೆ ಮಾಡಿದ ಜೋಡಣೆ ಕತ್ತರಿಸಬೇಕಾಗುತ್ತದೆ, ಪಳಗಿದವರೂ ಮರೆಯುತ್ತಾರೆ. ಆಮೇಲೆ ಎಳೆ ತುಂಡಾಗದಂತೆ 7–8 ಮಿ.ಮೀ. ಸಿಪ್ಪೆ ಸುಲಿದು, ತಾಮ್ರದ ಬಟ್ ಕನೆಕ್ಟರಿನೊಳಗೆ (ಎರಡು ತುದಿ ಎದುರುಬದುರು ಕೂಡಿಸುವ ಪುಟ್ಟ ಕೊಳವೆ) ಎರಡೂ ತುದಿ ನಡುಮಧ್ಯದವರೆಗೆ ತಳ್ಳಿ ಒತ್ತಿ. ಪ್ಲಾಸ್ಟಿಕ್ ಹೊದಿಕೆಯ ಕನೆಕ್ಟರ್ ಆದರೆ ಕೆಂಪು 0.5–1.5, ನೀಲಿ 1.5–2.5, ಹಳದಿ 4–6 ಚದರ ಮಿ.ಮೀ. ವೈರಿಗೆ. ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡುವುದು ಕ್ರಿಂಪಿಂಗ್ ಅಲ್ಲ. ಎಳೆಗಳ ನಡುವೆ ಸಂದು ಉಳಿದು ತೇವ ಸೇರುತ್ತದೆ. ಕನೆಕ್ಟರಿಗೆ ಹೊಂದುವ ದವಡೆಯ, ಪೂರ್ತಿ ಒತ್ತುವವರೆಗೆ ಬಿಟ್ಟುಕೊಡದ ರ್‍ಯಾಚೆಟ್ ಕ್ರಿಂಪಿಂಗ್ ಟೂಲ್ ಬೇಕು. ಒತ್ತಿದ ಮೇಲೆ ಕೈಯಿಂದ ಎಳೆದು ನೋಡಿ. ಜಾರಿ ಬಂದರೆ ಈಗಲೇ ಬಂದದ್ದು ಒಳ್ಳೆಯದು. ನಂತರ ಹೀಟ್ ಗನ್ನಿನಿಂದ ಸ್ಲೀವಿನ ಎರಡೂ ಬಾಯಿಯಲ್ಲಿ ಅಂಟು ಇಣುಕುವವರೆಗೆ ಕಾಯಿಸಿ.

ಆರೂ ಜೋಡಣೆ ಒಂದೇ ಜಾಗದಲ್ಲಿ ಬರದಿರಲಿ, ಒಂದಕ್ಕಿಂತ ಒಂದನ್ನು 40 ಮಿ.ಮೀ.ನಷ್ಟು ಸರಿಸಿ. ಇಲ್ಲದಿದ್ದರೆ ಕಟ್ಟು ಹಾವು ಕಪ್ಪೆ ನುಂಗಿದಂತೆ ಉಬ್ಬಿ ವೈರುಗಳ ಹೊದಿಕೆ ಪೈಪಿನೊಳಗೆ ಹೋಗುವುದಿಲ್ಲ. ಮೇಲೆ ಸುತ್ತಲು ಬಟ್ಟೆಯ ಹಾರ್ನೆಸ್ ಟೇಪ್ ಬಳಸಿ. ಸಾಧಾರಣ ಇನ್ಸುಲೇಶನ್ ಟೇಪಿನ ಅಂಟು ಬಿಸಿಗೆ ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಹಾಗಾದರೆ ಸೋಲ್ಡರ್ ಎಲ್ಲೂ ಮಾಡಬಾರದೆ?
– ಓದುಗರು, ಗದಗ

ಉತ್ತರ: ಡ್ಯಾಶ್‌ಬೋರ್ಡಿನ ಒಳಗೆ, ನಡುಕ ಕಡಿಮೆ ಇರುವ ಕಡೆ ಮಾಡಬಹುದು. ಎರಡು ತುದಿಗಳನ್ನು ಎದುರುಬದುರು ಹೆಣೆದು, ಒಂದರ ಮೇಲೊಂದು ಬಿಗಿಯಾಗಿ ಸುತ್ತಿ. ಸೋಲ್ಡರಿಲ್ಲದೆಯೂ ಎಳೆದರೆ ಬಿಚ್ಚಬಾರದು. ಕಾಯಿಸಬೇಕಾದದ್ದು ವೈರನ್ನು. ತಾಮ್ರದ ಬಿಸಿಗೇ ಸೋಲ್ಡರ್ ಕರಗಿ ಹರಿಯಬೇಕು. ಒಳಗೆ ರೋಸಿನ್ (ರಾಳ) ಇರುವ 60/40 (ತವರ/ಸೀಸ) ಸೋಲ್ಡರ್ ಸಾಕು. ಪಾತ್ರೆ, ಪೈಪ್ ಬೆಸೆಯುವ ಆ್ಯಸಿಡ್ ಪೇಸ್ಟ್ ಬೇಡವೇ ಬೇಡ, ಉಳಿದದ್ದು ತಾಮ್ರವನ್ನು ತಿನ್ನುತ್ತದೆ. ಸ್ಲೀವ್ ಗಡುಸಾದ ಭಾಗ ದಾಟಿ ಎರಡೂ ಕಡೆ 10–15 ಮಿ.ಮೀ. ಬರಲಿ, ಅಲ್ಲಿ ವೈರನ್ನು ಅಲುಗದಂತೆ ಕಟ್ಟಿ. ಬಾಗಿಲು, ಡಿಕ್ಕಿಯ ಹಿಂಜಿನ ಬಳಿ ಮಾತ್ರ ಸೋಲ್ಡರೂ ಬೇಡ, ಕ್ರಿಂಪೂ ಬೇಡ. ಬಾಗುವ ಭಾಗವನ್ನು ಹೊಸ ವೈರಿನಲ್ಲಿ ದಾಟಿಸಿ ಆಚೀಚೆ ಜೋಡಿಸಿ.

ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ವೈರಿಗೆ ಸೋಲ್ಡರ್ ಹಾಕಬೇಡಿ. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಪಡೆಯುತ್ತವೆ. ಸೋಲ್ಡರ್ ಆ ಸಂದು ಮುಚ್ಚುತ್ತದೆ.

ಪ್ರಶ್ನೆ: ವೈರ್ ಜೋಡಿಸಿದ ಮೇಲೆ ಎಡಗಡೆ ಹೆಡ್‌ಲೈಟ್ ಮಂಕು. ವೈರ್ ತುಂಡಾಗಿಲ್ಲ ಎಂದು ಮಲ್ಟಿಮೀಟರ್ ಬೀಪ್ ಎನ್ನುತ್ತದೆ, ಫ್ಯೂಸ್ ಸರಿಯಿದೆ.
– ಓದುಗರು, ಹಾಸನ

ಉತ್ತರ: ಒಂದೇ ಎಳೆ ತಾಗಿದ್ದರೂ ಬೀಪ್ ಬರುತ್ತದೆ. 60 ವಾಟ್ ಬಲ್ಬ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಜೋಡಣೆಯಲ್ಲಿ ಬರೀ 0.1 ಓಮ್ ಅಡ್ಡಿಯಿದ್ದರೂ ಅರ್ಧ ವೋಲ್ಟ್ ಅಲ್ಲೇ ಕಳೆದು, ಎರಡೂವರೆ ವಾಟ್ ಬಿಸಿಯಾಗಿ ಸ್ಲೀವನ್ನು ಕಾಯಿಸುತ್ತದೆ. ಲೈಟ್ ಹಾಕಿಯೇ ಅಳೆಯಿರಿ: ಮೀಟರನ್ನು ಡಿಸಿ ವೋಲ್ಟಿಗಿಟ್ಟು, ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಪಿನ್ನಿಗೆ, ಆಮೇಲೆ ಬಲ್ಬಿನ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ. ಬಲಗಡೆಯೂ ಹೀಗೇ ನೋಡಿ. ಎಡಕ್ಕೆ ಹೆಚ್ಚಿಗೆ ಬಂದದ್ದು ಯಾವ ಅಳತೆಯಲ್ಲೋ ದೋಷ ಆ ದಾರಿಯಲ್ಲಿ. ಅರ್ತ್ ಬೋಲ್ಟಿನ ತುಕ್ಕೂ ಇದೇ ಲಕ್ಷಣ ತೋರಿಸುತ್ತದೆ. ಜೋಡಣೆ ಬಿಚ್ಚುವ ಮುನ್ನ ಅದನ್ನು ಉಜ್ಜಿ. ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ, ಫ್ಯೂಸ್ ಇರುವುದೇ ವೈರ್ ಸುಡದಿರಲೆಂದು.

ಪ್ರಶ್ನೆ: ಮುಟ್ಟಲೇಬಾರದ ವೈರ್ ಯಾವುದು?
– ಓದುಗರು, ಮಂಗಳೂರು

ಉತ್ತರ: ಏರ್‌ಬ್ಯಾಗಿನದು, ಸಾಮಾನ್ಯವಾಗಿ ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್. ಅದಕ್ಕೆ ಮೀಟರ್ ಕೂಡ ಹಚ್ಚಬೇಡಿ, ಸರ್ವಿಸ್ ಸೆಂಟರಿಗೆ ಬಿಡಿ. ಒಂದಕ್ಕೊಂದು ಹೆಣೆದ ಜೋಡಿ ವೈರ್ ಕಂಡರೆ ಅದು ಕಾರಿನ ಕಂಪ್ಯೂಟರ್ ಮಾಡ್ಯೂಲುಗಳ ನಡುವೆ ಮಾಹಿತಿ ಸಾಗಿಸುವ ಕ್ಯಾನ್ (CAN) ವೈರ್ ಇರಬಹುದು. ಜೋಡಿಸಬಹುದು, ಆದರೆ ಎರಡನ್ನೂ ಒಂದೇ ಉದ್ದಕ್ಕಿಟ್ಟು ಮತ್ತೆ ಹೆಣೆಯಿರಿ; ಹೆಣಿಗೆ ಬಿಚ್ಚಿದ ಭಾಗ 50 ಮಿ.ಮೀ. ಮೀರದಿರಲಿ. ಎಂಜಿನ್ನಿನ ಕ್ಯಾನ್ ಸಾಲಿನಲ್ಲಿ ಬ್ಯಾಟರಿ ಕಳಚಿ ಎರಡು ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಇನ್ನೂ ತುಂಡಾಗಿದೆ.