ಧಾತು ಈಶ್ವರದ ಬರವನ್ನು ತಂದವರು ಯಾರು?

ನೀವು ಕೇಳಿರುವುದು ಇಷ್ಟು: ಹವಾಮಾನದ ಬಗ್ಗೆ ವಿಜ್ಞಾನಿಗಳು ಹೇಳುತ್ತಿರುವುದನ್ನು ನಂಬಿದರೆ, ಶಾಲೆಯಲ್ಲಿ ಓದಿದ ರಾಜರ, ಯುದ್ಧಗಳ, ಒಪ್ಪಂದಗಳ ಇತಿಹಾಸಕ್ಕೆ ಏನು ಬೆಲೆ ಉಳಿಯಿತು? ಚರಿತ್ರೆಯನ್ನು ನಡೆಸಿದ್ದು ಮನುಷ್ಯರೋ, ಮಳೆಯೋ?

ನಾನು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆ ನನ್ನನ್ನೂ ಬಹಳ ಕಾಡಿದೆ. ಎಲ್ಲ ದೇಶಕಾಲಗಳಿಗೂ ಹೊಂದುವ ಉತ್ತರ ನನ್ನ ಬಳಿ ಇಲ್ಲ. ನನಗೆ ಹತ್ತಿರವಾದ ಒಂದು ಬರವನ್ನು ಹಿಡಿದುಕೊಂಡು ಹೇಳುತ್ತೇನೆ.

ನಮ್ಮದು ಕೋಲಾರದ ಕಡೆಯ ಊರು. ಅಜ್ಜಿ ವರ್ಷಗಳನ್ನು ಅಂಕಿಯಲ್ಲಿ ಎಣಿಸಿದವರಲ್ಲ, ಸಂವತ್ಸರದ ಹೆಸರಿನಲ್ಲಿ ನೆನಪಿಟ್ಟವರು. ತಾನು ಹುಟ್ಟುವ ಮೊದಲೇ ಬಂದುಹೋದ ‘ಧಾತು ಈಶ್ವರದ ಬರ’ವನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಅವರ ಅಜ್ಜಿ ಅದನ್ನು ಕಂಡಿದ್ದರು. ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ಉಳಿದ ಹಳೆಯ ರಾಗಿಯನ್ನು ಮುಟ್ಟಲು ಅಜ್ಜಿ ಯಾರಿಗೂ ಬಿಡುತ್ತಿರಲಿಲ್ಲ. ಈ ವರ್ಷದ ಬೆಳೆ ಕಣಕ್ಕೆ ಬಂದು, ತೂರಿ, ರಾಶಿಯಾದ ಮೇಲೆಯೇ ಹಳೆಯದನ್ನು ತೆಗೆಯಬೇಕು. ನೆಲದಡಿಯ ಒಣ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ಮಳೆ ಕೈಕೊಡುತ್ತದೆ ಎಂಬುದು ಬಯಲುಸೀಮೆಯ ಒಕ್ಕಲಿಗೆ ಯಾವ ವಿಜ್ಞಾನಿಯೂ ಬಂದು ಹೇಳಬೇಕಾದ ಸಂಗತಿಯಾಗಿರಲಿಲ್ಲ. ಹಗೇವು, ಕೆರೆ, ಕೆರೆಯ ತೂಬಿನ ಪಕ್ಕದ ಶಾಸನಗಳೆಲ್ಲ ಆ ತಿಳಿವಳಿಕೆಯಿಂದಲೇ ಹುಟ್ಟಿದವು. ಮಳೆಯನ್ನು ಚರಿತ್ರೆಯಿಂದ ಹೊರಗಿಟ್ಟವರು ಪುಸ್ತಕ ಬರೆದ ನಾವು, ಬೇಸಾಯ ಮಾಡಿದವರಲ್ಲ.

ಧಾತು ಎಂದರೆ 1876–77, ಈಶ್ವರ ಎಂದರೆ 1877–78. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಹತ್ತು ವರ್ಷಗಳಲ್ಲಿ ಹುಟ್ಟಿ ಬೆಳೆಯಬೇಕಾಗಿದ್ದ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಕಡಿಮೆಯಾಗಿದ್ದರು. ಇಡೀ ಭಾರತದಲ್ಲಿ ಸತ್ತವರ ಅಂದಾಜು 55 ಲಕ್ಷದಿಂದ ಒಂದು ಕೋಟಿಯವರೆಗೆ ಇದೆ. ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ ಪುಸ್ತಕದಲ್ಲಿ ಇದಕ್ಕೆ ಸಿಕ್ಕ ಜಾಗ ಒಂದು ವಾಕ್ಯ. ‘ಮಳೆ ಬಾರದೆ ಭೀಕರ ಕ್ಷಾಮ ಉಂಟಾಯಿತು’ ಎಂದು ಹೇಳಿ, ಮುಂದಿನ ಸಾಲಿನಲ್ಲೇ 1881ರಲ್ಲಿ ಒಡೆಯರಿಗೆ ಅಧಿಕಾರ ಮರಳಿದ ಸಂಭ್ರಮಕ್ಕೆ ಹೋಗಿಬಿಡುತ್ತಿತ್ತು.

ಮಳೆ ಏಕೆ ಬರಲಿಲ್ಲ? ಇಲ್ಲಿಂದಲೇ ನಿಮ್ಮ ಪ್ರಶ್ನೆ ಶುರುವಾಗುತ್ತದೆ.

ಅದೇ ವರ್ಷಗಳಲ್ಲಿ ಉತ್ತರ ಚೀನಾದ ಶಾನ್‌ಷಿ ಪ್ರಾಂತ್ಯದಲ್ಲಿ ಹೊಲಗಳು ಒಣಗಿ ಹಳ್ಳಿಗಳೇ ಬರಿದಾದವು. ಬ್ರೆಜಿಲ್ಲಿನ ಈಶಾನ್ಯ ಮೂಲೆಯ ಸಿಯಾರಾದಲ್ಲಿ ಜನ ಊರು ಬಿಟ್ಟು ಕರಾವಳಿಯ ಪಟ್ಟಣಗಳಿಗೆ ನುಗ್ಗಿದರು. ಕೋಲಾರದ ರೈತನಿಗೆ ಸಿಯಾರಾ ಎಂಬ ಸೀಮೆಯಿದೆಯೆಂದೇ ಗೊತ್ತಿರಲಿಲ್ಲ, ಅವರಿಗೆ ಇವನೂ ಗೊತ್ತಿರಲಿಲ್ಲ. ಮೂರು ದೇಶಗಳ ಇತಿಹಾಸಕಾರರು ಮೂರು ಭಾಷೆಗಳಲ್ಲಿ ಮೂರು ಬೇರೆ ಬೇರೆ ದುರಂತಗಳೆಂದೇ ಇವನ್ನು ಬರೆದರು. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮುಂಗಾರನ್ನು ಮೊದಲೇ ಊಹಿಸುವ ದಾರಿ ಹುಡುಕುತ್ತಾ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು 1920ರ ದಶಕದಲ್ಲಿ ವಿವರಿಸಿದರು. ನಾರ್ವೆ ಮೂಲದ ಯಾಕೋಬ್ ಬ್ಯರ್ಕ್‌ನೆಸ್ 1969ರಲ್ಲಿ ಅದನ್ನು ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋಗೆ ಜೋಡಿಸಿ ತೋರಿಸಿದರು. ಅಲ್ಲಿಂದೀಚೆಗೆ ಈ ಮೂರೂ ಬರಗಳನ್ನು ಒಟ್ಟಿಗೆ ಇಟ್ಟು ಓದುವುದು ಸಾಧ್ಯವಾಯಿತು. 1877–78ರ ಎಲ್ ನಿನೋ ದಾಖಲೆಯಲ್ಲಿರುವ ಅತಿ ಪ್ರಬಲವಾದವುಗಳಲ್ಲಿ ಒಂದು. ಪೆರು ದೇಶದ ಕಡಲು ಕಾದದ್ದಕ್ಕೂ ನಮ್ಮ ಊರಿನ ರಾಗಿ ಹೊಲ ಒಣಗಿದ್ದಕ್ಕೂ ಸಂಬಂಧವಿದೆ ಎಂದು ಮೊದಲ ಸಲ ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ದೇಶದ ಗಡಿಯೊಳಗೆ ಕುಳಿತು ಬರೆದ ಇತಿಹಾಸಕ್ಕೆ ಕಾಣದಿದ್ದದ್ದು ಇದು.

ಹಾಗಾದರೆ ಮಳೆಯೇ ಕೊಂದಿತೆ? ಇಲ್ಲಿ ನಾನು ಗಟ್ಟಿಯಾಗಿ ಇಲ್ಲ ಎನ್ನುತ್ತೇನೆ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಜನ ಸಾಯುತ್ತಿದ್ದ 1877ರಲ್ಲೇ ಭಾರತ ಸರ್ಕಾರದ ಅಂಕಿಅಂಶ ವಿಭಾಗದ ಮುಖ್ಯಸ್ಥ ವಿಲಿಯಂ ಹಂಟರ್ ಮತ್ತು ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಸೇರಿ, ದಕ್ಷಿಣ ಭಾರತದ ಬರಗಳು ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೆ ಅನುಗುಣವಾಗಿ ಬರುತ್ತವೆ ಎಂದು ಬರೆದರು. ಅವರು ಪ್ರಾಮಾಣಿಕವಾಗಿಯೇ ಬರೆದಿರಬಹುದು. ಆದರೆ ಕಾರಣ ಸೂರ್ಯನಲ್ಲಿದ್ದರೆ ಕಲ್ಕತ್ತೆಯಲ್ಲಿ ಕುಳಿತು ಆಳಿದವರನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಹವಾಮಾನದ ಮೂಲಕ ಇತಿಹಾಸವನ್ನು ವಿವರಿಸುವುದು ಹೊಸ ವಿದ್ಯೆಯಲ್ಲ. ಅಧಿಕಾರದಲ್ಲಿದ್ದವರಿಗೆ ಅದು ಹಿಂದೆಯೂ ಅನುಕೂಲವಾಗಿ ಒದಗಿದೆ.

ರಿಚರ್ಡ್ ಟೆಂಪಲ್ ಎಂಬ ಒಬ್ಬನೇ ಅಧಿಕಾರಿಯ ಎರಡು ಬರಗಳನ್ನು ಹೋಲಿಸಿ ನೋಡಿ. 1873–74ರಲ್ಲಿ ಬಿಹಾರದಲ್ಲಿ ಮಳೆ ಹೋದಾಗ ಆತ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಆತನಿಗೆ ಸಿಕ್ಕಿದ್ದು ದುಂದುಗಾರನೆಂಬ ಬೈಗುಳ. ಮೂರು ವರ್ಷಗಳ ನಂತರ ವೈಸರಾಯ್ ಲಿಟ್ಟನ್ ಅವನನ್ನೇ ದಕ್ಷಿಣಕ್ಕೆ ಕಳುಹಿಸಿದ. ಈ ಸಲ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಕೂಲಿ ಸಾಕು ಎಂದು ಆತ ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಲಿಖಿತವಾಗಿ ವಿರೋಧಿಸಿದ. ಬರದ ನಡುವೆಯೇ, 1877ರ ಜನವರಿ 1ರಂದು, ವಿಕ್ಟೋರಿಯಾಳನ್ನು ಚಕ್ರವರ್ತಿನಿಯೆಂದು ಘೋಷಿಸಲು ದಿಲ್ಲಿಯಲ್ಲಿ ದರ್ಬಾರು ನಡೆಯಿತು. ಗೋಧಿಯ ರಫ್ತೂ ನಿಲ್ಲಲಿಲ್ಲ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಮದರಾಸಿನಿಂದ ಧಾನ್ಯವೂ ಬರುತ್ತಿತ್ತು, ಆದರೆ ಬೆಲೆ ಏರಿದ ಮೇಲೆ ಕೊಳ್ಳುವ ಕಾಸು ರೈತನ ಕೈಯಲ್ಲಿರಲಿಲ್ಲ. ಮಳೆ ಹೋದದ್ದಕ್ಕೆ ಪೆಸಿಫಿಕ್ ಕಾರಣ. ಅಷ್ಟು ಜನ ಸತ್ತದ್ದಕ್ಕೆ ಕಾರಣ ಕಡತಗಳಲ್ಲಿದೆ, ಸಹಿ ಸಮೇತ. ಎರಡನ್ನೂ ಓದಲು ಬಲ್ಲವನೇ ಆ ಎರಡು ವರ್ಷಗಳ ಇತಿಹಾಸ ಬರೆಯಬಲ್ಲ.

ಇನ್ನಷ್ಟು ಹಿಂದಿನದೊಂದು ಉದಾಹರಣೆ. ಛತ್ತೀಸಗಡದ ಜಗದಲ್‌ಪುರದ ಬಳಿಯ ದಂಡಕ್ ಗುಹೆಯಲ್ಲಿ ಸುಣ್ಣದ ನೀರು ಹನಿಹನಿಯಾಗಿ ಗಟ್ಟಿಗೊಂಡ ಕಲ್ಲನ್ನು ಪರೀಕ್ಷಿಸಿದಾಗ, 1350ರಿಂದ 1450ರವರೆಗೆ ಮಧ್ಯಭಾರತದ ಮುಂಗಾರು ಪದೇಪದೇ ದುರ್ಬಲವಾಗಿತ್ತೆಂದು ಕಂಡುಬಂತು. ದಖ್ಖನಿನ ಕುಖ್ಯಾತ ದುರ್ಗಾದೇವಿ ಬರ 1396ರಲ್ಲಿ ಶುರುವಾದದ್ದು. ಕಾಂಬೋಡಿಯಾದ ಅಂಕೋರ್ ನಗರ ಸೊರಗಿದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಆದರೆ ಇದೇ ನೂರು ವರ್ಷಗಳಲ್ಲಿ ನಮ್ಮ ಒಣ ಬಳ್ಳಾರಿ ಸೀಮೆಯಲ್ಲಿ ವಿಜಯನಗರ ಬೆಳೆಯಿತು. ಮಲೆನಾಡಿನ ಮಳೆಯನ್ನು ಹೊತ್ತು ತರುವ ತುಂಗಭದ್ರೆಗೆ ಕಟ್ಟೆ ಹಾಕಿ, ಬಂಡೆಗಳ ನಡುವೆ ಕಾಲುವೆ ತೆಗೆದು ಅದು ಬದುಕಿತು. ಮಳೆ ಕಡಿಮೆಯಾದರೆ ಸಾಮ್ರಾಜ್ಯ ಬೀಳುತ್ತದೆ ಎಂದು ಸೂತ್ರ ಬರೆಯಲು ಹೊರಟವರ ಮುಂದೆ ಹಂಪಿಯ ಆ ಕಾಲುವೆಗಳಿವೆ, ಅವುಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ.

ಇಷ್ಟರವರೆಗೆ ಹೇಳಿದ್ದು ಹಳೆಯ ಹವಾಮಾನದ ಮಾತು. ನಿಮ್ಮ ಪ್ರಶ್ನೆಯ ಕಷ್ಟದ ಭಾಗ ಈಗಿನದು. 1877–78ರ ಎಲ್ ನಿನೋದಲ್ಲಿ ಯಾವ ಮನುಷ್ಯನ ಕೈಯೂ ಇರಲಿಲ್ಲ ಎನ್ನಬಹುದು. ಇಂದಿನ ಬರದ ಬಗ್ಗೆ ಅಷ್ಟು ನಿಶ್ಚಿಂತೆಯಿಂದ ಹಾಗೆನ್ನಲಾಗದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಆಗ ಹತ್ತು ಲಕ್ಷಕ್ಕೆ ಸುಮಾರು 290 ಭಾಗವಿತ್ತು, ಈಗ 420ನ್ನು ದಾಟಿದೆ. ಪ್ರಕೃತಿಯ ಇತಿಹಾಸ ಬೇರೆ, ಮನುಷ್ಯರ ಇತಿಹಾಸ ಬೇರೆ ಎಂಬ ಹಳೆಯ ಗೆರೆ ಅಳಿಸಿಹೋಗಿದೆ ಎಂದು ಇತಿಹಾಸಕಾರ ದೀಪೇಶ್ ಚಕ್ರವರ್ತಿ 2009ರಲ್ಲಿ ವಾದಿಸಿದರು. ಮನುಷ್ಯಕುಲವೇ ಭೂಮಿಯನ್ನು ಬದಲಿಸುವ ಶಕ್ತಿಯಾಗಿದೆ ಎಂಬುದು ಅವರ ಮಾತು. ಅದು ನನ್ನ ಕಣ್ಣು ತೆರೆಸಿತು, ನಿಜ. ಆದರೂ ‘ಮನುಷ್ಯಕುಲ’ ಎಂಬ ಪದ ಬಂದಾಗಲೆಲ್ಲ ನನಗೆ ಅಜ್ಜಿಯ ಹಗೇವು ನೆನಪಾಗುತ್ತದೆ. ಆ ಬರದಲ್ಲಿ ಸತ್ತ ಲಕ್ಷಾಂತರ ಜನ ಸುಟ್ಟ ಕಲ್ಲಿದ್ದಲು ಎಷ್ಟು? ಧಾನ್ಯ ಹೊತ್ತೊಯ್ದ ಉಗಿ ಹಡಗುಗಳು ಸುಟ್ಟದ್ದು ಎಷ್ಟು? ಆ ಹೊಗೆಯ ಒಂದು ಪಾಲು ಇಂದಿಗೂ ಗಾಳಿಯಲ್ಲಿದೆ, ಇನ್ನೂ ಅನೇಕ ಶತಮಾನ ಇರುತ್ತದೆ. ಮುಗಿದುಹೋದ ವಸಾಹತು ಕಾಲ ಎಂದು ನಾನು ತರಗತಿಯಲ್ಲಿ ಹೇಳುವಾಗ ಈಗ ನಾಲಿಗೆ ತಡವರಿಸುತ್ತದೆ.

ಹಾಗಾದರೆ ಶಾಲೆಯ ಇತಿಹಾಸ ಸುಳ್ಳೇ? ಸುಳ್ಳಲ್ಲ. ಲಿಟ್ಟನ್, ಟೆಂಪಲ್, ಕಾರ್ನಿಷ್ ಯಾರೂ ಬೇಡವಾಗಿಲ್ಲ, ಅವರು ಮೊದಲಿಗಿಂತ ಹೆಚ್ಚು ಬೇಕಾಗಿದ್ದಾರೆ. ಅವರ ಆದೇಶಗಳನ್ನು ಕಡಲಿನ ಉಷ್ಣತೆಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸ ನಮಗಿಲ್ಲ, ಅಷ್ಟೇ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರು ಯಾವ ಬರದ ಹೆಸರು ಹೇಳುತ್ತಾರೆ ಎಂದು ಕೇಳಿ, ಸಂವತ್ಸರ ಸಮೇತ ಬರೆದಿಡಿ. ಉತ್ತರ ಕರ್ನಾಟಕದವರಾದರೆ 1790ರ ದಶಕದ ‘ಡೋಗಿ ಬರ’, ಅಂದರೆ ತಲೆಬುರುಡೆಗಳ ಬರ, ಅವರ ಮಾತಿನಲ್ಲಿ ಸಿಕ್ಕರೂ ಸಿಗಬಹುದು. ಅದರ ಹಿಂದೆಯೂ ಒಂದು ದೀರ್ಘ ಎಲ್ ನಿನೋ ಇತ್ತು.

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1936ರಲ್ಲಿ ಧಾತು ಬಂದಿತ್ತು, 1996ರಲ್ಲಿ ಬಂದಿತ್ತು, ಮುಂದಿನದು 2056ರಲ್ಲಿ. ಈ ವರ್ಷ ನನ್ನ ತರಗತಿಯಲ್ಲಿರುವ ಮಕ್ಕಳಿಗೆ ಆಗ ಐವತ್ತರ ಆಸುಪಾಸು. ಅಷ್ಟು ಹೊತ್ತಿಗೆ ಗಾಳಿಯಲ್ಲಿ ಎಷ್ಟು ಇಂಗಾಲ ಇರಬಹುದೆಂದು ಕಳೆದ ವಾರ ಒಬ್ಬ ಹುಡುಗಿ ಕೇಳಿದಳು. ಅದು ಇತಿಹಾಸದ ಪ್ರಶ್ನೆಯಲ್ಲ ಎಂದು ಹೇಳಿ ಅವಳನ್ನು ಕೂರಿಸಲು ನನ್ನಿಂದ ಆಗಲಿಲ್ಲ. ಉಳಿದ ಗಂಟೆಯೆಲ್ಲ ಅದರಲ್ಲೇ ಕಳೆಯಿತು.