ಕೊಪ್ಪಳದ ಸರ್ಕಾರಿ ಶಾಲೆಯಲ್ಲಿ ನನ್ನ ಮಗಳಿಗೆ ಕುಣಿಸಿ, ಆಡಿಸಿ ಲೆಕ್ಕ ಕಲಿಸುತ್ತಾರೆ. ಇದರಿಂದ ನಿಜವಾಗಿಯೂ ಲೆಕ್ಕ ಬರುತ್ತಾ?

ಬರುತ್ತದೆ. ಆದರೆ ಮಗು ಮಾಡುವ ಚಲನೆಗೂ ಪಾಠಕ್ಕೂ ಸಂಬಂಧ ಇರಬೇಕು. ಸುಮ್ನೆ ಚಪ್ಪಾಳೆ ತಟ್ಟಿ ಕುಣಿಸಿದರೆ ಬೇಸರ ಕಳೆಯುತ್ತದೆ. ಅದೂ ಬೇಕು, ಆದರೆ ಅದು ಲೆಕ್ಕ ಕಲಿಸುವುದಿಲ್ಲ.

ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದು, ಸಮ ಅಂತರದಲ್ಲಿ 0ಯಿಂದ 20ರವರೆಗೆ ಬರೆದಿದ್ದಾರೆ ಅಂದುಕೊಳ್ಳಿ. 7ರ ಮೇಲೆ ನಿಂತ ಹುಡುಗಿಗೆ ‘5 ಕೂಡು’ ಎಂದರೆ ಐದು ಸಲ ಮುಂದಕ್ಕೆ ಹಾರುತ್ತಾಳೆ, 12ಕ್ಕೆ ಬರುತ್ತಾಳೆ. ‘ಕಳೆ’ ಎಂದರೆ ಹಿಂದಕ್ಕೆ. ಸಂಖ್ಯೆ ದೊಡ್ಡದಾದಷ್ಟೂ ಹಾರುವ ದೂರ ಜಾಸ್ತಿ. ಹೀಗೆ 12 ಬರೀ ಬಾಯಿಪಾಠದ ಹೆಸರಾಗಿ ಉಳಿಯದೆ ಒಂದು ಜಾಗ, ಒಂದು ಅಳತೆ ಆಗುತ್ತದೆ.

ಇನ್ನೊಂದು ಲಾಭ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಎಷ್ಟೋ ಮಕ್ಕಳು ನಿಂತ 7ನ್ನೇ ‘ಒಂದು’ ಎಂದು ಎಣಿಸಿ 11ಕ್ಕೆ ನಿಲ್ಲುತ್ತಾರೆ. ಸ್ಲೇಟಿನಲ್ಲಿ ಬರೀ ತಪ್ಪು ಉತ್ತರ ಕಾಣುತ್ತದೆ. ಇಲ್ಲಿ ತಪ್ಪು ಎಲ್ಲಾಯಿತು ಅನ್ನುವುದೇ ಕಾಣುತ್ತದೆ, ಅಲ್ವಾ? ಟೀಚರ್ ಅಲ್ಲೇ ತಿದ್ದಬಹುದು.

ಇದು ಹೊಸ ಪ್ರಯೋಗವೇನಲ್ಲ. ಆಟ, ಚಟುವಟಿಕೆಗಳ ಮೂಲಕವೇ ಕಲಿಸುವ ನಮ್ಮ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದದ್ದು.

ಕ್ಲಾಸಿನಲ್ಲಿ ಮಕ್ಕಳು ಜಾಸ್ತಿ ಇದ್ದರೆ ಒಬ್ಬಳು ಹಾರುವ ಮೊದಲೇ ಉಳಿದವರು ಅವಳು ಎಲ್ಲಿ ನಿಲ್ಲುತ್ತಾಳೆಂದು ಹೇಳಬೇಕು. ಇಲ್ಲದಿದ್ದರೆ ಒಬ್ಬರು ಆಡುತ್ತಾರೆ, ಮಿಕ್ಕವರು ಗಲಾಟೆ ಮಾಡುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಅಂಗಳ ಬೇಡ, ವರಾಂಡದಲ್ಲೇ ಗೆರೆ ಎಳೆದರೆ ಸಾಕು.