ಲುಬೋಕ್ ಆಂತು ಎಲ್ಲಿದೆ? ಅಲ್ಲಿನ ಇಬಾನ್ ಜನರ ಬದುಕು ಹೇಗೆ?

ಬೋರ್ನಿಯೋ ದ್ವೀಪದಲ್ಲಿ, ಮಲೇಷ್ಯಾದ ಸರವಾಕ್ ರಾಜ್ಯದ ಅಂಚಿನಲ್ಲಿರುವ ಪುಟ್ಟ ಪೇಟೆ ಇದು, ಅದೇ ಹೆಸರಿನ ಜಿಲ್ಲೆಯ ಕೇಂದ್ರವೂ ಹೌದು. ಗಡಿ ದಾಟಿದರೆ ಇಂಡೋನೇಷ್ಯಾದ ಬದಾವು. ಇಬಾನರ ಪೂರ್ವಿಕರು ಆ ಕಡೆಯ ಕಪುವಾಸ್ ನದಿ ಸೀಮೆಯಿಂದಲೇ ಇಲ್ಲಿಗೆ ಬಂದವರು, ಹಾಗಾಗಿ ಗಡಿಯ ಎರಡೂ ಬದಿಯಲ್ಲಿ ನೆಂಟರಿದ್ದಾರೆ.

ಪೇಟೆಯಲ್ಲಿ ಒಂದಷ್ಟು ಅಂಗಡಿ, ಕಚೇರಿ, ಅಷ್ಟೇ. ನೋಡಬೇಕಾದದ್ದು ಹಳ್ಳಿಗಳ ಉದ್ದಮನೆಗಳನ್ನು. ಒಂದೇ ಸೂರಿನಡಿ ಹತ್ತಾರು ಸಂಸಾರ. ಪ್ರತಿ ಕುಟುಂಬಕ್ಕೂ ‘ಬಿಲಿಕ್’ ಎಂಬ ಸ್ವಂತ ಮನೆ, ಮುಂದೆ ಎಲ್ಲರಿಗೂ ಸೇರಿದ ‘ರುವಾಯ್’ ಎಂಬ ಉದ್ದನೆಯ ಜಗಲಿ. ಬುಟ್ಟಿ ಹೆಣೆಯುವುದು, ನೆಂಟರನ್ನು ಕೂರಿಸುವುದು, ಪಂಚಾಯ್ತಿ ಎಲ್ಲವೂ ಅಲ್ಲೇ. ಯಜಮಾನನಿಗೆ ‘ತುವಾಯ್ ರುಮಾ’ ಎನ್ನುತ್ತಾರೆ. ಗುಡ್ಡದ ಭತ್ತ, ಕಾಳುಮೆಣಸು, ರಬ್ಬರ್ ಮುಖ್ಯ ಬೆಳೆಗಳು. ಸುಗ್ಗಿ ಮುಗಿದ ಮೇಲೆ ಜೂನ್ 1ರಂದು ಗವಾಯ್ ಹಬ್ಬ, ಅಂದು ಅಕ್ಕಿಯ ಮದ್ಯ ‘ತುವಾಕ್’ ಇರಲೇಬೇಕು.

ಇದೇ ಜಿಲ್ಲೆಯ ಬಾತಾಂಗ್ ಆಯ್ ನದಿಯಲ್ಲಿ 1985ರಲ್ಲಿ ಮುಗಿದ ಅಣೆಕಟ್ಟು 108 ಮೆಗಾವಾಟ್ ವಿದ್ಯುತ್ತಿಗಾಗಿ ಕಟ್ಟಿದ್ದು. ಅದಕ್ಕಾಗಿ ಸುಮಾರು 3,000 ಇಬಾನರು ಪೂರ್ವಿಕರ ಜಮೀನು, ಸಮಾಧಿಗಳನ್ನು ಬಿಟ್ಟು ಹೊರಡಬೇಕಾಯಿತು. ಈ ಊರಿನ ಬಗ್ಗೆ ಹೇಳುವಾಗ ಅಣೆಕಟ್ಟಿನಿಂದಾದ ಸರೋವರದ ಚೆಲುವನ್ನಷ್ಟೇ ಹೇಳಿ ಇದನ್ನು ಬಿಡುವುದು ಅನ್ಯಾಯ ಎಂದೇ ನನ್ನ ಅನಿಸಿಕೆ. ಜಲಾಶಯದ ಮೇಲ್ಭಾಗದ ರಾಷ್ಟ್ರೀಯ ಉದ್ಯಾನದಲ್ಲಿ ಒರಾಂಗುಟಾನ್‌ಗಳಿವೆ, ಅಲ್ಲಿಗೆ ದೋಣಿಯಲ್ಲೇ ಹೋಗಬೇಕು.